ಬಿದ್ದ ಮೇಲೆ ಅಲ್ಲ, ಬೀಳುವ ಮುಂಚೆ ಕೊಡಿ

ಕಳೆದ ತಿಂಗಳು ಡಲ್ಲಾಸಿನ ನಮ್ಮ ಮನೆಗೆ ಅಮ್ಮನ ಹೆಸರಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಬಿಪಿ ಮೆಷಿನ್, ಮಂಡಿಗೆ ಹಾಕುವ ನೀ ಕ್ಯಾಪ್, ಕ್ರೇಪ್ ಬ್ಯಾಂಡೇಜ್, ನೋವಿನ ಮುಲಾಮು, ಬಚ್ಚಲುಮನೆ ಗೋಡೆಗೆ ಹಾಕುವ ಹಿಡಿ. ಅಮ್ಮ ಒಂದೊಂದನ್ನೇ ಮೇಜಿನ ಮೇಲೆ ಜೋಡಿಸಿ, “ಇದಕ್ಕೆಲ್ಲ ಎಷ್ಟು ಕೊಟ್ಟೆ?” ಅಂತ ಕೇಳಿದರು. “ಏನೂ ಕೊಟ್ಟಿಲ್ಲಮ್ಮ, ನಿನ್ನ ಹೆಲ್ತ್ ಪ್ಲಾನಿನವರೇ ಕಳಿಸಿದ್ದು” ಅಂದೆ. ಅವರು ನಂಬಲಿಲ್ಲ. ಬಿಲ್ ಹುಡುಕಿದರು.

ಇಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರಿ ವಿಮೆ ಇದೆ. ಅದನ್ನೇ ಖಾಸಗಿ ಕಂಪನಿಯ ಮೂಲಕ ಪಡೆದರೆ ಮೆಡಿಕೇರ್ ಅಡ್ವಾಂಟೇಜ್. ಅಂಥ ಎಷ್ಟೋ ಪ್ಲಾನುಗಳಲ್ಲಿ, ಡಾಕ್ಟರ ಚೀಟಿ ಇಲ್ಲದೆ ಸಿಗುವ ಔಷಧಿ, ವಸ್ತುಗಳಿಗೆ ಅಂತಲೇ ತಿಂಗಳಿಗೋ ಮೂರು ತಿಂಗಳಿಗೋ ಇಷ್ಟು ಡಾಲರ್ ಅಂತ ಇಡುತ್ತಾರೆ. ಒಂದು ಕ್ಯಾಟಲಾಗ್ ಬರುತ್ತದೆ. ಫೋನ್ ಮಾಡಿ ಹೇಳಿದರೆ ಸಾಕು, ಸಾಮಾನು ಬಾಗಿಲಿಗೆ ಬರುತ್ತದೆ. ಸರ್ಕಾರದ ಮೂಲ ಮೆಡಿಕೇರ್ ಇದನ್ನು ಕೊಡುವುದಿಲ್ಲ.

ನನಗೆ ಆ ಬಚ್ಚಲ ಹಿಡಿ ನೋಡಿ ಹಾಸನದ ದೊಡ್ಡಮ್ಮ ನೆನಪಾದರು. ಅಮ್ಮನ ಅಕ್ಕ, ರಿಟೈರ್ಡ್ ಟೀಚರ್. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಖರ್ಚನ್ನು ವಿಮೆ ಕೊಟ್ಟಿತು, ಲಕ್ಷಗಟ್ಟಲೆ. ಆದರೆ ಮನೆಗೆ ಬಂದ ಮೇಲೆ ಬೇಕಾದ ವಾಕರ್, ರಾತ್ರಿಗೆ ಡಯಾಪರ್ ಎಲ್ಲ ಅಣ್ಣನ ಜೇಬಿನಿಂದಲೇ.

ಇದು ಯಾವುದೋ ಒಂದು ಕಂಪನಿಯ ಜಿಪುಣತನ ಅಲ್ಲ. ನಮ್ಮ ದೇಶದ ವಿಮಾ ನಿಯಂತ್ರಕ ಐಆರ್‌ಡಿಎಐ ಮಾಡಿರುವ ಪಟ್ಟಿಯೊಂದಿದೆ. ಪಾಲಿಸಿಯಲ್ಲಿ ಬೇರೆಯಾಗಿ ಸೇರಿಸದಿದ್ದರೆ ದುಡ್ಡು ಸಿಗದ 68 ಬಾಬತ್ತುಗಳು ಅದರಲ್ಲಿವೆ. ಡಯಾಪರ್ ಇದೆ, ಕ್ರೇಪ್ ಬ್ಯಾಂಡೇಜ್ ಇದೆ, ಮಂಡಿಯ ಬ್ರೇಸ್ ಇದೆ, ನಡೆಯಲು ಆಸರೆಯಾಗುವ ಸಾಧನಗಳಿವೆ. ಅಮ್ಮನ ಕ್ಯಾಟಲಾಗನ್ನು ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಇಲ್ಲ ಅಂದದ್ದರಲ್ಲಿ ಎಷ್ಟೋ ಇಲ್ಲಿ ತಗೊಳ್ಳಿ ಅಂತ ಅಚ್ಚಾಗಿವೆ. 70 ದಾಟಿದವರಿಗೆಲ್ಲ ಅಂತ 2024ರಲ್ಲಿ ಕೇಂದ್ರ ತಂದ 5 ಲಕ್ಷದ ಆಯುಷ್ಮಾನ್ ಕೂಡ ಆಸ್ಪತ್ರೆ ಸೇರಿದವರಿಗೇ. ಸೇರುವ ಮುಂಚಿನ 3 ದಿನ, ಮನೆಗೆ ಬಂದ ಮೇಲೆ 15 ದಿನ, ಅಷ್ಟೇ. ಮುದುಕರ ಬದುಕು ಆ ಲೆಕ್ಕದಲ್ಲಿ ನಡೆಯುತ್ತದಾ?

ಊರಿನ ಗೆಳೆಯರಿಗೆ ಹೇಳಿದರೆ, “ಇಲ್ಲಿ ಮೆಡಿಕಲ್ ಶಾಪ್ ಹುಡುಗ ಹತ್ತು ನಿಮಿಷದಲ್ಲಿ ತಂದುಕೊಡ್ತಾನೆ, ನಿಮ್ಮದು ಬರೋಕೆ ದಿನಗಟ್ಟಲೆ ಬೇಕು” ಅನ್ನುತ್ತಾರೆ. ಹೌದು, ತರುತ್ತಾನೆ. ಕೇಳಿದರೆ ತಾನೆ? ದೊಡ್ಡಮ್ಮ ಮೊಮ್ಮಕ್ಕಳ ಫೀಸಿಗೆ ಪೆನ್ಷನ್ನಿನಿಂದ ಕೊಡುತ್ತಾರೆ, ಮದುವೆ ಮನೆಗೆ ಸೀರೆ ತರುತ್ತಾರೆ. ತಮಗೆ ಒಂದು ಬಿಪಿ ಮೆಷಿನ್ ಅಂದರೆ, “ಸುಮ್ನೆ ಯಾಕೆ ದುಡ್ಡು ದಂಡ, ಡಾಕ್ಟ್ರ ಹತ್ರ ಹೋದಾಗ ನೋಡ್ತಾರಲ್ಲ” ಅಂತ ತಳ್ಳಿಬಿಡುತ್ತಾರೆ. ಅಮ್ಮನೂ ಹೀಗೇ ಇದ್ದವರು. ಆದರೆ ಇಲ್ಲಿ ಮೂರು ತಿಂಗಳಲ್ಲಿ ಖರ್ಚು ಮಾಡದಿದ್ದರೆ ಅಮ್ಮನ ಪ್ಲಾನಿನ ಆ ದುಡ್ಡು ಮುಂದಕ್ಕೆ ಉಳಿಯುವುದಿಲ್ಲ. “ಬಿಟ್ರೆ ಹೋಗುತ್ತೆ” ಅಂದ ಕೂಡಲೇ ಅಮ್ಮ ಕನ್ನಡಕ ಹಾಕಿಕೊಂಡು ಕ್ಯಾಟಲಾಗ್ ಹಿಡಿದು ಕೂರುತ್ತಾರೆ. ತಮಗಾಗಿ ಏನನ್ನೂ ಕೇಳದ ಒಂದು ತಲೆಮಾರನ್ನು ಕೇಳುವ ಹಾಗೆ ಮಾಡಿದೆಯಲ್ಲ, ನನಗೆ ದೊಡ್ಡದು ಅನ್ನಿಸುವುದು ಅದು. ಈಗ ದಿನಾ ಬೆಳಿಗ್ಗೆ ಬಿಪಿ ನೋಡಿ ಕ್ಯಾಲೆಂಡರ್ ಮೇಲೆ ಬರೆಯುತ್ತಾರೆ.

ಪೆಟ್ಟಿಗೆ ಬಿಟ್ಟಿ ಬಂತು ಅಂತ ಮಾತ್ರ ಹೇಳಲಾರೆ. ಇಲ್ಲಿ ಸುಮಾರು 10 ವರ್ಷ ದುಡಿದು ತೆರಿಗೆ ಕಟ್ಟಿದವರಿಗೆ ಮೆಡಿಕೇರಿನ ಪಾರ್ಟ್ ಎ, ಅಂದರೆ ಆಸ್ಪತ್ರೆ ಸೇರಿದರೆ ಆಗುವ ಖರ್ಚಿನ ಭಾಗ, ಉಚಿತ. ಅಪ್ಪ, ಅಮ್ಮ ಇಬ್ಬರೂ ಇಲ್ಲಿ ದುಡಿದವರಲ್ಲ. ಗ್ರೀನ್ ಕಾರ್ಡ್ ಮೇಲೆ ಐದು ವರ್ಷ ಇದ್ದ ಮೇಲೆ ದುಡ್ಡು ಕೊಟ್ಟು ಸೇರಿದ್ದು. 2025ರಲ್ಲಿ ಪಾರ್ಟ್ ಎಗೆ ತಿಂಗಳಿಗೆ 518 ಡಾಲರ್, ಡಾಕ್ಟರ ಭೇಟಿಯಂಥ ಖರ್ಚಿನ ಪಾರ್ಟ್ ಬಿಗೆ 185. ಎರಡೂ ಇಲ್ಲದೆ ಅಡ್ವಾಂಟೇಜ್ ಪ್ಲಾನ್ ಸಿಗುವುದಿಲ್ಲ. ಆ ದುಡ್ಡಿಗೆ ಹಾಸನದಲ್ಲಿ ಎಷ್ಟು ವಾಕರ್ ಬರುತ್ತವೆ ಅಂತ ಅಣ್ಣ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೂ ಒಂದಿದೆ. ಒಪ್ಪಲು ಮನಸ್ಸಿಲ್ಲ, ಆದರೂ ಹೇಳಬೇಕು. ದೊಡ್ಡಮ್ಮ ಒಮ್ಮೆ ಮಂಡಿನೋವಿಗೆ ಐಬುಪ್ರೊಫೆನ್ ಕೇಳಿದಾಗ ಮೆಡಿಕಲ್ ಶಾಪಿನವರು, “ಬೇಡ ಟೀಚರ್, ನೀವು ಬಿಪಿ ಮಾತ್ರೆ ತಗೋತೀರಿ, ಇದರಿಂದ ಬಿಪಿ ಏರಬಹುದು, ಡಾಕ್ಟ್ರನ್ನ ಕೇಳಿ” ಅಂತ ವಾಪಸ್ ಕಳಿಸಿದ್ದರು. ಅದೇ ಎಚ್ಚರಿಕೆ ಇಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಡಬ್ಬದ ಮೇಲಿದೆ. ಅಮ್ಮನಿಗೆ ಅದನ್ನು ಓದಿ ಹೇಳುವವನು ನಾನೇ. ನಾನು ಆಫೀಸಿನಲ್ಲಿದ್ದಾಗ ಯಾರು ಹೇಳುತ್ತಾರೆ?

ಕರ್ನಾಟಕದಲ್ಲೂ ಏನೂ ಆಗುತ್ತಿಲ್ಲ ಅಂತಲ್ಲ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಬಂದು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. ಪೋಸ್ಟಿನಲ್ಲಿ ಬರುವ ಪೆಟ್ಟಿಗೆಗಿಂತ ಅದು ಒಳ್ಳೆಯದು, ಯಾಕೆಂದರೆ ಬರುವುದು ಮನುಷ್ಯರು, ಮಾತಾಡುವುದು ಕನ್ನಡ. ಹಾಗೆ ಬಂದವರು ಅಜ್ಜ ಅಜ್ಜಿ ಇರುವ ಮನೆಯಲ್ಲಿ ಬಚ್ಚಲನ್ನೂ ಒಮ್ಮೆ ನೋಡಲಿ. ಗೋಡೆಗೆ ಒಂದು ಹಿಡಿ, ಕೈಗೊಂದು ಊರುಗೋಲು, ಬೇಕಾದವರಿಗೆ ಡಯಾಪರ್, ಇಷ್ಟನ್ನು ಆ ಯೋಜನೆಗೇ ಸೇರಿಸಲಿ. ಮೂಳೆ ಮುರಿದ ಮೇಲೆ ಲಕ್ಷ ಕೊಡಲು ತಯಾರಿರುವವರಿಗೆ ಇದು ಜಾಸ್ತಿ ಖರ್ಚಲ್ಲ.