ಬಿಳಿ ಗೆರೆ ಹುಡುಕಿಕೊಂಡು ಹೊರಟ ಕಾರು

2025ರ ಆಷಾಢದಲ್ಲಿ ಹಾಸನದ ಬಿ.ಎಂ. ರಸ್ತೆಯ ಒಂದು ಶೋರೂಮಿಗೆ ಹೋಗಿದ್ದೆ. ಆಷಾಢದಲ್ಲಿ ಯಾರೂ ಕಾರು ಕೊಳ್ಳಲ್ಲ, ಹಾಗಾಗಿ ಕಾಫಿ ಚೆನ್ನಾಗಿ ಕೊಡುತ್ತಾರೆ. ಜೊತೆಗೆ ಸಕಲೇಶಪುರದ ಮಾವ. ಅವರದು ತೋಟಕ್ಕೂ ಸಂತೆಗೂ ಮದುವೆಗೂ ಒಂದೇ ಹಳೇ ಜೀಪು.

"ಸಾರ್, ಇದರಲ್ಲಿ ಲೆವೆಲ್ ಟೂ ಅಡಾಸ್ ಇದೆ, ಅಂದ್ರೆ ಓಡಿಸೋರಿಗೆ ಕಾರೇ ಸಹಾಯ ಮಾಡೋ ವ್ಯವಸ್ಥೆ. ಗೆರೆ ದಾಟಿದ್ರೆ ಕಾರೇ ಸ್ಟೇರಿಂಗ್ ತಿರುಗಿಸಿ ಒಳಗೆ ತರುತ್ತೆ" ಅಂದ ಹುಡುಗ.

"ಯಾವ ಗೆರೆ?" ಅಂದರು ಮಾವ.

ಹುಡುಗ ನಕ್ಕ. ಮಾವ ನಗಲಿಲ್ಲ. ಅವರು ನಿಜವಾಗಿಯೂ ಕೇಳಿದ್ದು.

ಊರ ಕಡೆ ರಸ್ತೆಗೆ ಇಳಿಸಿದೆವು. ಕಾರು ಗೆರೆ ಹುಡುಕಿತು, ಸಿಗಲಿಲ್ಲ. ಗುಂಡಿ ತಪ್ಪಿಸಿದರೆ ಕುಂಯ್ ಅಂತು. ಹಸು ಕಂಡು ಗಕ್ಕನೆ ನಿಂತಿತು. ಹಿಂದಿನ ಬಸ್ಸಿನ ಡ್ರೈವರ್ ನಮ್ಮ ವಂಶಾವಳಿ ಓದಿದ. ರಾಗಿ ಒಕ್ಕಣೆ ಕಾಲದಲ್ಲಿ ರಸ್ತೆ ತುಂಬ ತೆನೆ ಹಾಸಿದಾಗ ಇದು ಏನು ಮಾಡುತ್ತೆ ಅಂತ ಕೇಳಿದೆ. "ಬೇಡ ಅಂದ್ರೆ ಆಫ್ ಮಾಡ್ಕೋಬಹುದು ಸಾರ್." ಕಾಸು ಕೊಟ್ಟು ತಗೊಂಡು ಆಫ್ ಮಾಡಿಕೊಳ್ಳುವ ಸೌಲಭ್ಯ!

ಡ್ರೈವರ್ ಇಲ್ಲದ ಕಾರನ್ನು ದೇಶದೊಳಗೆ ಬಿಡಲ್ಲ, ಡ್ರೈವರ್‌ಗಳ ಕೆಲಸ ಹೋಗುತ್ತೆ ಅಂತ ನಿತಿನ್ ಗಡ್ಕರಿ 2023ರಲ್ಲೇ ಹೇಳಿದ್ದಾರೆ. ಸರಿ. ಗೆರೆ ಬಳಿಯೋರಿಗೆ ಕೆಲಸ ಯಾವಾಗ ಶುರುವಾಗುತ್ತೋ?

ಕಂಪನಿಗಳ ಕಷ್ಟ ಸುಳ್ಳಲ್ಲ. 2024ರಲ್ಲಿ ದೇಶದ ಡೀಲರ್‌ಗಳ ಅಂಗಳದಲ್ಲಿ 7 ಲಕ್ಷಕ್ಕೂ ಜಾಸ್ತಿ ಕಾರು ಬಿಸಿಲು ಕಾಯುತ್ತಿದ್ದವು. ಲೆಕ್ಕ ಕೊಟ್ಟಿದ್ದು ಡೀಲರ್‌ಗಳ ಸಂಘವೇ. ಮೊದಲ ಕಾರು ಕೊಳ್ಳುವ ಮೇಷ್ಟ್ರು, ಅಂಗಡಿಯವರು ರೇಟು ಕೇಳಿ ವಾಪಸ್ ಹೋಗುತ್ತಿದ್ದರು. ಅವರನ್ನು ಕರೆತರಲು ಕಂಪನಿಯವರು ಏನು ಮಾಡಿದರು? ವ್ಯಾಪಾರ ಸೋರುತ್ತಿದೆ ಅಂತ ಕಾರಿನ ಛಾವಣಿಗೇ ತೂತು ಕೊರೆದು, ಸನ್‌ರೂಫ್ ಅಂತ ಹೆಸರಿಟ್ಟು, ಇನ್ನಷ್ಟು ರೇಟು ಏರಿಸಿದರು. ಸಕಲೇಶಪುರದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಅದನ್ನು ತೆಗೆದರೆ ಸೀಟಿನಲ್ಲಿ ನಾಟಿ ಮಾಡಬಹುದು.

2025ರ ಸೆಪ್ಟೆಂಬರ್ 22ಕ್ಕೆ ಸಣ್ಣ ಕಾರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅಡಾಸ್‌ಗೆ ಬಾರದವರು ರೇಟು ಇಳಿದ ಕೂಡಲೇ ಬಂದರು. ಇದನ್ನು ಕಂಡುಹಿಡಿಯಲು ಎಷ್ಟು ಸೆನ್ಸರ್ ಬೇಕಾಯಿತೋ ಗೊತ್ತಿಲ್ಲ.

ಆಷಾಢದ ಅವತ್ತು ಶೋರೂಮಿನಿಂದ ವಾಪಸ್ ಬರುವಾಗ ಬಾಳ್ಳುಪೇಟೆ ದಾಟುತ್ತಿದ್ದಂತೆ ಮಳೆ ಹಿಡಿಯಿತು. ಜೀಪಿನ ವೈಪರ್ ಅರ್ಧಕ್ಕೆ ನಿಂತಿತು. ಹನಿ ಬಿದ್ದರೆ ತಾನೇ ಓಡುವ ವೈಪರನ್ನು ಬೆಳಗ್ಗೆ ತಾನೇ ನೋಡಿಕೊಂಡು ಬಂದಿದ್ದೆವು. ಮಾವ ಸೀಟಿನ ಕೆಳಗಿನ ಚೀಲದಿಂದ ಒಂದು ಆಲೂಗಡ್ಡೆ ತೆಗೆದು, ಚಾಕುವಿನಲ್ಲಿ ಎರಡು ಹೋಳು ಮಾಡಿ, ಕೆಳಗಿಳಿದು ಗಾಜಿಗೆ ಉಜ್ಜಿದರು. ಹನಿ ನಿಲ್ಲದೆ ಜಾರತೊಡಗಿತು.

ಉಳಿದ ಹೋಳನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟು ಗೇರ್ ಹಾಕಿದರು. "ಆ ಹುಡುಗ ಫೋನ್ ಮಾಡಿದ್ರೆ ಕೇಳು, ಅದರಲ್ಲಿ ಗೊಬ್ಬರದ ಮೂಟೆ ಎಷ್ಟು ಹಿಡಿಸುತ್ತಂತೆ?"