ಬ್ಯಾಡಗಿ ಮೆಣಸಿನಕಾಯಿ ಯಾರದ್ದು?

ನಾವಿರೋದು ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ, ಊರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಸ್ಪಾನಿಕ್ ಜನ, ಅಂದ್ರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಾಡೋ ದೇಶಗಳ ಮೂಲದೋರು. ಸೆಪ್ಟೆಂಬರ್ 15ರಿಂದ ಅಕ್ಟೋಬರ್ 15ರವರೆಗೆ ಅವರ ಹೆರಿಟೇಜ್ ತಿಂಗಳು, ಮಗಳ ಸ್ಕೂಲಲ್ಲಿ ಊಟ ಇಟ್ಟಿದ್ರು. ನಾನು ಹಾವೇರಿ ಕಡೆಯವನು, ಸುಮ್ನಿರ್ತೀನಾ, ಕೆಂಪು ಚಟ್ನಿ ಮಾಡ್ಕೊಂಡು ಹೋಗಿ "ಇದು ನಮ್ಮ ಬ್ಯಾಡಗಿ, ಬೇರೆಲ್ಲೂ ಬೆಳೆಯಲ್ಲ" ಅಂತ ಕೊಚ್ಕೊಂಡೆ. ಪಕ್ಕದ ಟೇಬಲ್ಲಲ್ಲಿ ಒಬ್ಬ ಅಜ್ಜಿ ಮೆಕ್ಕೆಜೋಳದ ಹಿಟ್ಟು ಅಂಗೈಯಲ್ಲಿ ಪಟಪಟ ತಟ್ಟಿ ಹಂಚಿಗೆ ಹಾಕ್ತಿದ್ರು, ಥೇಟ್ ನಮ್ಮವ್ವ ರೊಟ್ಟಿ ಬಡಿಯೋ ಸದ್ದು. ಚಟ್ನಿ ನೆಕ್ಕಿ ಹೇಳಿದ್ರು, ಮೆಣಸಿನಕಾಯಿ ಹುಟ್ಟಿದ್ದೇ ಮೆಕ್ಸಿಕೋದಲ್ಲಂತೆ. ಪೋರ್ಚುಗೀಸರು ತರೋಕೆ ಮುಂಚೆ ಖಾರಕ್ಕೆ ನಮಗಿದ್ದಿದ್ದು ಕರಿಮೆಣಸು, ಹಿಪ್ಪಲಿ ಅಂಥವು, ಹೌದಲ್ವಾ! ಮುಖ ಸಣ್ಣದಾಯ್ತು.

ಆದ್ರೆ ನಂಗೆ ಚುಚ್ಚಿದ್ದು ಗೋಡೆ ಮೇಲಿನ ಪೋಸ್ಟರ್‌ಗಳು. 1993ರಲ್ಲಿ ಬಾಹ್ಯಾಕಾಶಕ್ಕೆ ಹೋದ ಎಲೆನ್ ಓಚೋವಾ ಇರ್ತಾರೆ ಬಿಡಿ, ಪಕ್ಕದಲ್ಲೇ ಡೊಲೋರೆಸ್ ವೆರ್ಟಾ, 1962ರಲ್ಲಿ ಕ್ಯಾಲಿಫೋರ್ನಿಯಾದ ಹೊಲದ ಕೂಲಿಯವರಿಗೆ ಸಂಘ ಕಟ್ಟಿದವರಲ್ಲಿ ಒಬ್ಬರು. ದ್ರಾಕ್ಷಿ ಕೀಳೋರ ಪರ ನಿಂತ ಹೆಂಗಸಿನ ಚಿತ್ರಕ್ಕೆ ನನ್ನ ಮಗಳು ಬಣ್ಣ ಹಚ್ಚಿದ್ದಾಳೆ. ನಮ್ಮ ನವೆಂಬರ್ ನೆನಪಾಯ್ತು. ಆರ್ಕೆಸ್ಟ್ರಾ, ಶಾಲು, ಫ್ಲೆಕ್ಸಲ್ಲಿ ಕೈ ಮುಗಿದಿರೋ ಲೀಡರ್. ಬೆಂಗಳೂರಲ್ಲಿ ಬಿಲ್ಡಿಂಗ್ ಕಟ್ಟೋಕೆ ಯಾದಗಿರಿ, ರಾಯಚೂರಿಂದ ಮಕ್ಕಳು ಮರಿ ಕಟ್ಕೊಂಡು ಬಂದು ತಗಡಿನ ಶೆಡ್ಡಲ್ಲಿರೋರ ಹೆಸರು ಯಾವ ಸ್ಟೇಜಲ್ಲಿ ಕೇಳಿದ್ದೀರಾ? ಅವರೂ ಕನ್ನಡದೋರೇ ರೀ. ನನ್ನ ಮಾತಿಗೇ ಪಿಜಿಯಲ್ಲಿ ನಗ್ತಿದ್ರು, "ಏನ್ಲೇ ಮಗನ" ಅಂತ ಮಿಮಿಕ್ರಿ ಬೇರೆ.

ಸರಿ, ಇಲ್ಲೂ ಎಲ್ಲ ಚಿನ್ನ ಅಲ್ಲ. ಈ ಹೆರಿಟೇಜ್ ಆಚರಣೆ 1968ರಲ್ಲಿ ಒಂದು ವಾರ ಇದ್ದಿದ್ದು ತಿಂಗಳಾಗೋಕೆ 1988 ಆಯ್ತು, ಆ ಅಜ್ಜಿ ಸಣ್ಣೋರಿದ್ದಾಗ ಇದೇ ಟೆಕ್ಸಾಸ್ ಸ್ಕೂಲಲ್ಲಿ ಸ್ಪ್ಯಾನಿಷ್ ಮಾತಾಡಿದ್ಕೆ ಏಟು ತಿಂದಿದ್ರಂತೆ, ಅದಕ್ಕೇ ಮಗನಿಗೆ ಭಾಷೆನೇ ಕಲಿಸ್ಲಿಲ್ಲ, ಈಗ ಮೊಮ್ಮಗಳು ಕ್ಲಾಸಿಗೆ ಹೋಗಿ ಕಲೀತಿದ್ದಾಳೆ. ಪೋಸ್ಟರ್‌ಗಳನ್ನ ಅಕ್ಟೋಬರ್ ಮುಗಿಯೋದ್ರೊಳಗೆ ಕಿತ್ತು ಹ್ಯಾಲೋವೀನ್ ಕುಂಬಳಕಾಯಿ ಅಂಟಿಸಿದ್ರು. ಆಗಸ್ಟಲ್ಲಿ ನಮ್ಮನೆ ಛಾವಣಿ ರಿಪೇರಿಗೆ ಬಂದಿದ್ದ ನಾಲ್ಕು ಜನರ ಹೆಸರು ನಾನೂ ಕೇಳಿರ್ಲಿಲ್ಲ.

ಅಜ್ಜಿ ಮೊನ್ನೆ ಸಿಕ್ಕಿದ್ರು. ಇನ್ನೊಂದು ಪ್ಯಾಕೆಟ್ ಬ್ಯಾಡಗಿ ಬೇಕಂತೆ, ಖಾರ ಏನೂ ಇಲ್ಲ ಆದ್ರೆ ಬಣ್ಣ ಚೆನ್ನಾಗಿದೆ ಅಂದ್ರು.