ಬ್ಯಾಟರಿ ವೈರ್ ಬಿಚ್ಚಿದ್ರೆ ಇಂಜಿನ್ ಲೈಟ್ ರಿಪೇರಿ ಆಗುತ್ತಾ? ಸತ್ಯಾಂಶ

ಬ್ಯಾಟರಿ ನೆಗೆಟಿವ್ ವೈರ್ ಹತ್ತು ನಿಮಿಷ ಬಿಚ್ಚಿಡಿ, ಚೆಕ್ ಇಂಜಿನ್ ಲೈಟ್ ಹೋಗುತ್ತೆ, ಗ್ಯಾರೇಜ್ ಖರ್ಚು ಉಳಿಯುತ್ತೆ ಅಂತ ಒಂದು ಫಾರ್ವರ್ಡ್ ಶಿವಮೊಗ್ಗ ಕಡೆ ಓಡಾಡ್ತಿದೆ. ಲೈಟ್ ಹೋಗೋದು ಎಷ್ಟೋ ಕಾರಲ್ಲಿ ನಿಜಾನೇ, ರಿಪೇರಿ ಆಗೋದು ಸುಳ್ಳು. ಅಳಿಸಿಹೋಗೋದು ಇಸಿಯು ಅನ್ನೋ ಇಂಜಿನ್ ಕಂಪ್ಯೂಟರ್‌ನಲ್ಲಿರೋ ಫಾಲ್ಟ್ ಕೋಡು, ಜೊತೆಗೆ ಫಾಲ್ಟ್ ಬಂದಾಗ ಆರ್‌ಪಿಎಂ ಎಷ್ಟಿತ್ತು ಇಂಜಿನ್ ಎಷ್ಟು ಬಿಸಿಯಿತ್ತು ಅನ್ನೋ ದಾಖಲೆನೂ, ಅಂದ್ರೆ ಮೆಕ್ಯಾನಿಕ್‌ಗೆ ಬೇಕಾದ ಸಾಕ್ಷಿನೇ ಹೋಯ್ತು.

ಹಳೇ ಸ್ಪೋರ್ಟ್ಸ್ ಕಾರು, ಮಳೇಲಿ ಆಗುಂಬೆ ಘಾಟಿ ಹತ್ತುವಾಗ್ಲೇ ಲೈಟ್ ಮತ್ತೆ ಮತ್ತೆ ಬರುತ್ತೆ ಅಂದ್ರೆ ಮೊದ್ಲು ಆ ಕೋಡ್ ಓದೋ ಸ್ಕ್ಯಾನರ್ ಹಾಕ್ಸಿ. ಪಿ0302 ತೋರಿಸಿದ್ರೆ ಎರಡನೇ ಸಿಲಿಂಡರ್ ಮಿಸ್‌ಫೈರ್, ಅಂದ್ರೆ ಅದ್ರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ. ಸಿಲಿಂಡರ್‌ಗೊಂದು ಇಗ್ನಿಷನ್ ಕಾಯಿಲ್ (ಪ್ಲಗ್‌ಗೆ ಕಿಡಿ ಹೊತ್ತಿಸೋ ಕರೆಂಟ್ ಕೊಡೋ ಭಾಗ) ಇರೋ ಕಾರಾದ್ರೆ ಎರಡನೇದ್ರ ಕಾಯಿಲನ್ನ ಮೂರನೇದ್ರ ಜೊತೆ ಅದಲು ಬದಲು ಮಾಡಿ ನೋಡಿ, ಕೋಡೂ ಪಿ0303 ಆಯ್ತಾ, ಕಾಯಿಲೇ ಕಳ್ಳ. ಆಗಿಲ್ವಾ, ಪ್ಲಗ್ ಬಿಚ್ಚಿ, ಪ್ಲಗ್ ಕೂರೋ ಗುಂಡೀಲಿ ನೀರೋ ಆಯಿಲೋ ನಿಂತಿದ್ಯಾ ನೋಡಿ. ಲೈಟ್ ಮಿಣುಕ್ತಿದ್ರೆ ಮಾತ್ರ ಘಾಟಿ ಹತ್ತಿಸ್ಬೇಡಿ, ಉರೀದೇ ಇರೋ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕುತ್ತೆ.